ಬಿಟ್ಟ ಉಸಿರು

ಎಳೆದುಕೊಂಡ ಉಸಿರು ನಮ್ಮದು. ಬಿಟ್ಟ ಉಸಿರು ಯಾರದು? ವೇಗದ ಕಾರಿಗೆ ಹೊಗೆಕೊಳವೆ ರಚಿಸುವವನು ಈ ಪ್ರಶ್ನೆಯ ಅರ್ಧಕ್ಕೆ ಸೊಗಸಾದ ಉತ್ತರ ಕೊಟ್ಟಿದ್ದಾನೆ.

ಎಂಜಿನ್ನಿನ ಕವಾಟ ತೆರೆದೊಡನೆ ಸುಟ್ಟ ಅನಿಲವು ಒತ್ತಡದ ಅಲೆಯನ್ನೆಬ್ಬಿಸಿ ಕೊಳವೆಯಲ್ಲಿ ನುಗ್ಗುತ್ತದೆ. ಕೊಳವೆ ಅಗಲವಾಗುವಲ್ಲಿ ಆ ಅಲೆಯ ಒಂದಂಶವು ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಕೊಳವೆಯ ಉದ್ದದ ಲೆಕ್ಕ ಸರಿಯಾಗಿದ್ದರೆ ಅದು ಕವಾಟ ಮುಚ್ಚುವ ಮೊದಲೇ ಬಂದು, ಉಳಿದ ಹೊಗೆಯನ್ನು ಸೆಳೆದು, ಹೊಸ ಗಾಳಿಗೆ ದಾರಿ ಮಾಡುತ್ತದೆ. ಹೋಗುವುದು ಬರುವುದಕ್ಕೆ ನೆರವಾಗುತ್ತದೆ!

ಆದರೆ ಈ ಲೆಕ್ಕ ಕೊಳವೆಯ ತುದಿಗೆ ನಿಲ್ಲುತ್ತದೆ. ತುದಿಯಾಚೆ ಬೆಳ್ಳಂದೂರಿದೆ, ಹೊರವರ್ತುಲ ರಸ್ತೆಯ ಪಕ್ಕದ ಮಹಡಿಗಳಲ್ಲಿ ಮಲಗಿದ ಕೂಸುಗಳಿವೆ, ಕಾಯಿಲೆಯವರಿದ್ದಾರೆ. 2000ದ ಶಬ್ದ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್‌ಗಳ ಮಿತಿಯಿಟ್ಟಿವೆ. ಅಲ್ಲಿಂದ 10 ಏರಿದರೆ ಶಬ್ದದ ಶಕ್ತಿ ಹತ್ತು ಮಡಿ.

ಹಾಗಾದರೆ ಆನಂದವೇ ಅಪರಾಧವೆ? ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜೋಡಿಕೊಳವೆಯ ಬೈಕಿನ ದನಿಯನ್ನು ಇಂದಿಗೂ ಪ್ರೀತಿಯಿಂದ ನೆನೆಯುವವರಿದ್ದಾರೆ. ಗರ್ಜನೆಯು ಶಕ್ತಿಗೆ ತೆರಬೇಕಾದ ಬೆಲೆ ಎಂಬ ವಾದದಲ್ಲೂ ಸ್ವಲ್ಪ ಸತ್ಯವಿತ್ತು. ಶಬ್ದವನ್ನು ತಡೆಯುವ ಅಡ್ಡಗೋಡೆ ಅನಿಲವನ್ನೂ ತುಸು ತಡೆಯುತ್ತದೆ. ಆದರೆ 2001ರಲ್ಲಿ ಬೆಂಗಳೂರಿನಿಂದಲೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಕೊಳವೆಯೇ ಇಲ್ಲದೆ ಹೊರಟಿತು. ಇಂದು ವಿದ್ಯುತ್ತಿನ ಕ್ರೀಡಾಕಾರುಗಳು ಸದ್ದಿಲ್ಲದೆ ಚಿಮ್ಮಬಲ್ಲವು. ಆದರೂ ಕೆಲವು ತಯಾರಕರು ಸ್ಪೀಕರಿನಿಂದ ಕೃತಕ ಗರ್ಜನೆ ಹೊರಡಿಸುತ್ತಾರೆ. ಅಂದಮೇಲೆ ಅದು ಶಕ್ತಿಯ ಬೆಲೆಯಲ್ಲ, ಬಯಕೆ.

ಇಲ್ಲೇ ಪರೀಕ್ಷೆ. ಆನಂದ ನಾದದಲ್ಲಿದ್ದರೆ ಕಾರಿನೊಳಗಿನ ಸ್ಪೀಕರು ಸಾಕು. ಅದು ಸಾಲದು, ಬೀದಿಯೂ ಕೇಳಬೇಕು ಎನ್ನುವುದಾದರೆ, ನಾವು ಬಯಸಿದ್ದು ನಾದವನ್ನಲ್ಲ, ಪರರ ಕಿವಿಯನ್ನು. ಆ ಶ್ರೋತೃ ಟಿಕೀಟು ಕೊಂಡವನಲ್ಲ, ಎದ್ದುಹೋಗುವಂತೆಯೂ ಇಲ್ಲ.

ಕಾರಿನವನತ್ತ ಬೆರಳೆತ್ತುವ ಮುನ್ನ ನಾವು ಕೆರೆಯತ್ತಲೂ ನೋಡಬೇಕು. ನಗರವೂ ತನ್ನ ಲೆಕ್ಕವನ್ನು ಕೊಳವೆಯ ತುದಿಗೇ ನಿಲ್ಲಿಸಿತ್ತು. ನಮ್ಮ ಬಚ್ಚಲುಗಳ ನೀರು ಬೆಳ್ಳಂದೂರು ಕೆರೆಗಿಳಿದು, ನೊರೆಯಾಗಿ ರಸ್ತೆಗೆ ಹಾರಿತು. 2015, 2017, 2018ರಲ್ಲಿ ಕೆರೆಯಲ್ಲಿ ಬೆಂಕಿಯೂ ಎದ್ದಿತು. ಗರ್ಜಿಸುವ ಕಾರಿಗಾದರೂ ಒಡೆಯನೊಬ್ಬನಿದ್ದಾನೆ. ಮೌನವಾಗಿ ಹರಿದುಹೋದದ್ದನ್ನು ತನ್ನದೆಂದವರಿಲ್ಲ.

ಬಿಟ್ಟದ್ದು ಹಿಂದಿರುಗುತ್ತದೆಂಬುದನ್ನು ಕೊಳವೆಯ ರಚಕ ಬಲ್ಲ. ಅವನ ಲೆಕ್ಕವನ್ನು ನಾಲ್ಕು ಮಾರು ಮುಂದಕ್ಕೆ, ನೆರೆಮನೆಯ ಕಿಟಕಿಯವರೆಗೆ ಒಯ್ಯುವುದಷ್ಟೇ ಉಳಿದಿದೆ. ಅದನ್ನು ಅವನೊಬ್ಬನಿಗೇ ಬಿಡುವಂತಿಲ್ಲ.