ಪೂರ್ವಪಕ್ಷವಿಲ್ಲದ ಸಿದ್ಧಾಂತ: ಮತಸಂಸ್ಥೆ, ಅಂತರ್ಜಾಲ ಮತ್ತು ಕೇಳುವವನ ಅಧಿಕಾರ

ಶಿರಸಿ ತಾಲೂಕಿನ ಸೋಂದೆಯಲ್ಲಿ ಮೂರು ಮಠಗಳು ಒಂದಕ್ಕೊಂದು ನೆರೆಯಾಗಿ ನೆಲೆನಿಂತಿವೆ: ಅದ್ವೈತ ಪರಂಪರೆಯ ಸ್ವರ್ಣವಲ್ಲೀ ಮಠ, ವಾದಿರಾಜರ ವೃಂದಾವನವಿರುವ ದ್ವೈತ ಪರಂಪರೆಯ ಸೋದೆ ಮಠ, ಭಟ್ಟಾಕಲಂಕ ಎಂಬ ಪೀಠನಾಮವನ್ನು ಧರಿಸುವ ಭಟ್ಟಾರಕರ ದಿಗಂಬರ ಜೈನ ಮಠ. ಪರಮಾರ್ಥದಲ್ಲಿ ಜಗತ್ತು ಮಿಥ್ಯೆ ಎನ್ನುವುದು ಮೊದಲನೆಯದರ ಸಿದ್ಧಾಂತ. ಜಗತ್ತೂ ಜೀವಭೇದವೂ ಸತ್ಯ ಎನ್ನುವುದು ಎರಡನೆಯದರದು. ಸೃಷ್ಟಿಕರ್ತನಾದ ಈಶ್ವರನನ್ನೇ ಮೂರನೆಯದು ಒಪ್ಪುವುದಿಲ್ಲ. ಈ ಮೂರು ಮಾತುಗಳು ಒಟ್ಟಿಗೆ ನಿಜವಾಗಲಾರವು ಎಂಬುದು ಮೂರೂ ಪೀಠಗಳಿಗೆ ಗೊತ್ತು, ಮತ್ತು ಮೂರೂ ಪರಂಪರೆಗಳ ಗ್ರಂಥರಾಶಿಯಲ್ಲಿ ದೊಡ್ಡ ಪಾಲು ಉಳಿದವರ ಮತವನ್ನು ಖಂಡಿಸುವುದಕ್ಕೇ ಮೀಸಲಾಗಿದೆ. ಮತಸಂಸ್ಥೆಯೊಂದು ತನ್ನ ಮೇಲೆ ಅಂತರ್ಜಾಲದಲ್ಲಿ ಬರುವ ಟೀಕೆಯನ್ನು ತನ್ನವರು ಓದಬಾರದು, ನೋಡಬಾರದು, ಹಂಚಬಾರದು ಎಂದು ವಿಧಿಸುವುದು ಎಷ್ಟರ ಮಟ್ಟಿಗೆ ಸರಿ ಎಂಬ ಇಂದಿನ ಪ್ರಶ್ನೆಯನ್ನು ಈ ನೆರೆಹೊರೆಯಲ್ಲಿ ನಿಂತು ನೋಡಿದರೆ, ಅದು ಆಧುನಿಕ ಸ್ವಾತಂತ್ರ್ಯಕ್ಕೂ ಪ್ರಾಚೀನ ಶ್ರದ್ಧೆಗೂ ನಡುವಣ ಜಗಳವಾಗಿ ಕಾಣುವುದಿಲ್ಲ; ಪರಂಪರೆಯ ಒಳಗೇ ಇರುವ ಎರಡು ರೂಢಿಗಳ ನಡುವಣ ಹಳೆಯ ಬಿಕ್ಕಟ್ಟಾಗಿ ಕಾಣುತ್ತದೆ.

ಆ ರೂಢಿಗಳಲ್ಲಿ ಮೊದಲನೆಯದು ಪೂರ್ವಪಕ್ಷದ ರೂಢಿ. ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ, ಅದರ ಪೂರ್ಣ ಬಲದೊಡನೆ ಮಂಡಿಸುವುದಕ್ಕೆ ಪೂರ್ವಪಕ್ಷವೆಂದು ಹೆಸರು. ಎದುರಾಳಿಯನ್ನು ಸಣ್ಣವನನ್ನಾಗಿ ಮಾಡಿ ಗೆದ್ದ ಗೆಲುವನ್ನು ಶಾಸ್ತ್ರವು ಗೆಲುವೆಂದು ಎಣಿಸುವುದಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಸಾಂಖ್ಯ, ವೈಶೇಷಿಕ, ಬೌದ್ಧ, ಜೈನ ಮೊದಲಾದ ಮತಗಳ ವಿಮರ್ಶೆ ಬರುತ್ತದೆ. ಅದಕ್ಕೆ ಭಾಷ್ಯ ಬರೆಯುವಾಗ ಶಂಕರರು ಮೊದಲು ಎತ್ತಿಕೊಳ್ಳುವ ಆಕ್ಷೇಪ ಗಮನಾರ್ಹವಾದುದು: ಮೋಕ್ಷವನ್ನು ಬಯಸುವವನಿಗೆ ತನ್ನ ದರ್ಶನದ ನಿರೂಪಣೆಯಷ್ಟೇ ಸಾಲದೇ, ದ್ವೇಷಕ್ಕೆ ಎಡೆಗೊಡುವ ಪರಪಕ್ಷದ ಖಂಡನೆ ಯಾಕೆ? ಅವರೇ ಕೊಡುವ ಸಮಾಧಾನದ ತಾತ್ಪರ್ಯವೆಂದರೆ, ದೊಡ್ಡವರು ಒಪ್ಪಿಕೊಂಡಿರುವ, ಯುಕ್ತಿಯ ಬಲವುಳ್ಳ ಆ ಮತಗಳೂ ಮಂದಬುದ್ಧಿಯವರಿಗೆ ಗ್ರಾಹ್ಯವೆಂದು ತೋರಬಹುದಾದ್ದರಿಂದ ಅವುಗಳ ಅಸಾರತೆಯನ್ನು ತೋರಿಸಿಕೊಡಲೇಬೇಕು. ಇಲ್ಲಿ ಶಂಕರರ ಮುಂದಿರುವ ಆತಂಕವು ಇಂದಿನ ಮತಸಂಸ್ಥೆಗಳದ್ದೇ ಆಗಿದೆ. ಸಾಮಾನ್ಯನು ಪರರ ಮಾತಿಗೆ ಮರುಳಾದಾನೆಂಬುದೇ ಆ ಆತಂಕ. ಆದರೆ ಆ ಆತಂಕಕ್ಕೆ ಅವರು ಕಂಡುಕೊಂಡ ಮದ್ದು ಎದುರಾಳಿಯ ಮಾತನ್ನು ಸಭೆಗೆ ತಂದು ಉತ್ತರಿಸುವುದು. ಅದನ್ನು ಮುಚ್ಚಿಡುವ ಯೋಚನೆಯೇ ಅಲ್ಲಿ ಸುಳಿಯುವುದಿಲ್ಲ.

ಈ ಪದ್ಧತಿಯ ಫಲವಾಗಿ ಮತಗಳು ತಮ್ಮ ವಿರೋಧಿಗಳ ಭಂಡಾರಗಳೂ ಆದವು. ವ್ಯಾಸತೀರ್ಥರ ‘ನ್ಯಾಯಾಮೃತ’ವು ಅದ್ವೈತವನ್ನು ಖಂಡಿಸಿದಾಗ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಅದಕ್ಕೆ ಉತ್ತರ ಬರೆದರು, ಆ ಉತ್ತರಕ್ಕೆ ರಾಮಾಚಾರ್ಯರ ‘ತರಂಗಿಣಿ’ ಪ್ರತ್ಯುತ್ತರವಾಯಿತು; ಸೋದೆಯ ವಾದಿರಾಜರ ‘ಯುಕ್ತಿಮಲ್ಲಿಕಾ’ ಇದೇ ವಾದಪರಂಪರೆಗೆ ಸೇರಿದ ಕೃತಿ. ಹದಿನಾಲ್ಕನೆಯ ಶತಮಾನದ ‘ಸರ್ವದರ್ಶನಸಂಗ್ರಹ’ವು, ದೇವರನ್ನೂ ಪರಲೋಕವನ್ನೂ ವೇದವನ್ನೂ ಅಲ್ಲಗಳೆಯುವ ಚಾರ್ವಾಕ ದರ್ಶನದಿಂದಲೇ ತನ್ನ ನಿರೂಪಣೆಯನ್ನು ಆರಂಭಿಸುತ್ತದೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ಕಳೆದುಹೋಗಿರುವಾಗ ಅವರ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನದು ಅವರನ್ನು ಖಂಡಿಸಿದವರ ಪುಟಗಳಿಂದಲೇ ಬಂದಿದೆ ಎಂಬುದು, ಟೀಕೆಯನ್ನು ಬಲ್ಲವನಷ್ಟೇ ಅದನ್ನು ದಾಟಬಲ್ಲನೆಂಬ ನಂಬಿಕೆ ಎಷ್ಟು ಆಳವಾಗಿತ್ತೆಂಬುದಕ್ಕೆ ಸಾಕ್ಷಿ.

ಎರಡನೆಯ ರೂಢಿ ಅಧಿಕಾರದ್ದು. ಶಾಸ್ತ್ರದ ಪರಿಭಾಷೆಯಲ್ಲಿ ಅಧಿಕಾರವೆಂದರೆ ಆಳ್ವಿಕೆಯಲ್ಲ, ಒಂದು ವಿದ್ಯೆಯನ್ನು ಪಡೆಯುವ ಅರ್ಹತೆ. ಮೇಲೆ ಹೇಳಿದ ವಾದಗಳೆಲ್ಲ ಸಂಸ್ಕೃತದಲ್ಲಿ, ಓದುವ ಅರ್ಹತೆ ಪಡೆದ ಕೆಲವರ ನಡುವೆ ನಡೆದವು. ಸ್ತ್ರೀಯರೂ ಶೂದ್ರರೂ ಕೃಷಿಕ ಗೃಹಸ್ಥರಲ್ಲಿ ಹೆಚ್ಚಿನವರೂ ಆ ಸಭೆಯ ಹೊರಗಿದ್ದರು. ಕರ್ಮದಲ್ಲಿ ನಿರತರಾದ ಅಜ್ಞರಲ್ಲಿ ಬುದ್ಧಿಭೇದವನ್ನು, ಅಂದರೆ ನಂಬಿದ್ದರ ಬಗ್ಗೆ ಗೊಂದಲವನ್ನು, ಹುಟ್ಟಿಸಬಾರದೆಂಬ ಭಗವದ್ಗೀತೆಯ ಮೂರನೆಯ ಅಧ್ಯಾಯದ ಬೋಧನೆಯನ್ನು ಈ ವ್ಯವಸ್ಥೆಯ ಸಮರ್ಥನೆಗೆ ಬಳಸುವುದುಂಟು. ಆದರೆ ಆ ಮಾತು ತಿಳಿದವನ ನಡತೆಗೆ ಹಾಕಿದ ಕಟ್ಟಳೆ. ತಿಳಿಯಲು ಹೊರಟವನ ಕಣ್ಣಿಗೆ ಪಟ್ಟಿ ಕಟ್ಟಬೇಕೆಂದು ಅದು ಹೇಳುವುದಿಲ್ಲ. ಪಂಡಿತನಿಗೆ ಪೂರ್ವಪಕ್ಷ, ಪಾಮರನಿಗೆ ಬರೀ ಸಿದ್ಧಾಂತ ಎಂಬ ವಿಭಜನೆಯು ಹೀಗೆ ನೆಲೆಯಾಯಿತು. ಟೀಕೆಯನ್ನು ಕೇಳದಂತೆ ತಡೆಯುವ ಪ್ರತ್ಯೇಕ ಆಜ್ಞೆ ಆಗ ಬೇಕಾಗಿರಲಿಲ್ಲ, ಏಕೆಂದರೆ ಭಾಷೆಯೂ ದೂರವೂ ಜಾತಿಯೂ ಆ ಕೆಲಸವನ್ನು ತಾವಾಗಿಯೇ ಮಾಡುತ್ತಿದ್ದವು.

ಆದರೂ ಈ ವಿಭಜನೆಯನ್ನು ಒಡೆಯುವ ಒಂದು ಸಂಸ್ಥೆಯನ್ನು ಕರಾವಳಿ ಮತ್ತು ಮಲೆನಾಡಿನ ಜನ ತಾವೇ ಕಟ್ಟಿಕೊಂಡಿದ್ದರು, ಅದು ತಾಳಮದ್ದಳೆ. ಯಕ್ಷಗಾನದ ಪ್ರಸಂಗವನ್ನು ವೇಷ, ಕುಣಿತಗಳಿಲ್ಲದೆ, ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಎದುರುಬದುರು ಕುಳಿತು ಆಶುಮಾತಿನಲ್ಲಿ ಅರ್ಥ ಹೇಳುವ ಈ ಕಲೆಯಲ್ಲಿ, ‘ವಾಲಿವಧೆ’ಯ ವಾಲಿಯು ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಕ್ಷತ್ರಿಯಧರ್ಮದಿಂದ ಹಿಡಿದು ರಾಜನೀತಿಯವರೆಗೆ ಒಂದೊಂದಾಗಿ ಪ್ರಶ್ನಿಸುತ್ತಾನೆ. ಕೇಳುವವರು ರಾಮನ ಭಕ್ತರೇ. ಕೂಟ ನಡೆಯುವುದು ಅನೇಕ ಸಲ ದೇವಸ್ಥಾನದ ಅಂಗಳದಲ್ಲೇ. ಆದರೂ ವಾಲಿಯ ಪ್ರಶ್ನೆ ಮೊನಚಾದಷ್ಟೂ ಸಭೆ ತಲೆದೂಗುತ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕೀರ್ತಿಯಲ್ಲಿ ದೊಡ್ಡ ಭಾಗವು ರಾವಣ, ವಾಲಿ, ಮಾಗಧರಂಥ ಪ್ರತಿನಾಯಕರ ಅರ್ಥಗಾರಿಕೆಯಿಂದ ಬಂದುದು. ವಾನಳ್ಳಿಯಂಥ ಘಟ್ಟದ ಊರಿನ ತೋಟಿಗನೊಬ್ಬ ಸಂಸ್ಕೃತದ ಒಂದು ಪುಟವನ್ನೂ ಓದದೆ, ತನ್ನ ದೇವರ ಮೇಲಿನ ಅತಿ ಕಠಿಣವಾದ ಆಕ್ಷೇಪವನ್ನು ಈ ಕಲೆಯ ಮೂಲಕ ರಾತ್ರಿಯಿಡೀ ಕೇಳಿ, ಬೆಳಿಗ್ಗೆ ಅದೇ ದೇವರಿಗೆ ಪೂಜೆ ಮಾಡಬಲ್ಲವನಾಗಿದ್ದ. ಪಾಮರನ ಶ್ರದ್ಧೆ ಟೀಕೆಯ ಗಾಳಿಗೆ ಆರಿಹೋಗುವ ಹಣತೆಯೆಂಬ ಊಹೆಯನ್ನು ಈ ಅನುಭವ ಸಮರ್ಥಿಸುವುದಿಲ್ಲ.

ಮೊಬೈಲ್ ಫೋನು ಅಧಿಕಾರದ ಹಳೆಯ ಗೋಡೆಗಳನ್ನು ಒಮ್ಮೆಲೇ ತೆಗೆದುಹಾಕಿದಾಗ, ತಾವಾಗಿ ನಡೆಯುತ್ತಿದ್ದ ತಡೆಯನ್ನು ಸಂಸ್ಥೆಗಳು ಪ್ರಯತ್ನಪೂರ್ವಕವಾಗಿ ಮಾಡಬೇಕಾಗಿ ಬಂತು. ಹೀಗೆ ಮಾಡುವ ತಡೆಯಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಹೇಳುವವನ ಬಾಯಿಗೆ ಹಾಕುವ ತಡೆ. ಸಂಶೋಧಕ ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟದ ಕೆಲವು ಬರೆಹಗಳ ಬಗ್ಗೆ 1989ರಲ್ಲಿ ವಿವಾದ ಎದ್ದಾಗ ಅವರು ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತನ್ನ ಬೌದ್ಧಿಕ ಆತ್ಮಹತ್ಯೆಯೆಂದು ಅವರೇ ಹೇಳಿಕೊಂಡರು. 2025ರ ಜುಲೈಯಲ್ಲಿ ಧರ್ಮಸ್ಥಳದ ಕುರಿತ ಆಪಾದನೆಗಳ ಪ್ರಕರಣದ ಸಂಬಂಧ ಕ್ಷೇತ್ರದ ಆಡಳಿತ ನಡೆಸುವ ಕುಟುಂಬದ ಕಡೆಯಿಂದ ಬಂದ ದಾವೆಯಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವು ಎಂಟು ಸಾವಿರಕ್ಕೂ ಮಿಕ್ಕ ಅಂತರ್ಜಾಲ ಕೊಂಡಿಗಳನ್ನು ತೆಗೆಯಬೇಕೆಂದು ಮಧ್ಯಂತರ ಆದೇಶ ನೀಡಿತು; ಯೂಟ್ಯೂಬ್ ವಾಹಿನಿಯೊಂದು ಅದನ್ನು ಪ್ರಶ್ನಿಸಿದಾಗ ಆಗಸ್ಟ್ 1ರಂದು ಕರ್ನಾಟಕ ಹೈಕೋರ್ಟು ಆ ವಾಹಿನಿಯ ಮಟ್ಟಿಗೆ ಆದೇಶವನ್ನು ರದ್ದುಮಾಡಿ, ವಿಷಯವನ್ನು ಮರಳಿ ಕೆಳಗಿನ ನ್ಯಾಯಾಲಯದ ವಿಚಾರಣೆಗೆ ಕಳುಹಿಸಿತು. ಆಪಾದನೆಗಳ ಸತ್ಯಾಸತ್ಯ ಬೇರೆ ವಿಚಾರ. ಇಲ್ಲಿ ಗಮನಿಸಬೇಕಾದುದೆಂದರೆ, ನ್ಯಾಯಾಲಯದ ಮೂಲಕ ಬರುವ ಈ ಬಗೆಯ ತಡೆ ಬಹಿರಂಗವಾದುದು, ಕಾರಣ ಹೇಳಬೇಕಾದುದು, ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾದುದು.

ಇನ್ನೊಂದು ಬಗೆ ಕೇಳುವವನ ಕಿವಿಗೆ ಹಾಕುವ ತಡೆ, ಮತ್ತು ಇದಕ್ಕೆ ಮೇಲ್ಮನವಿಯ ಜಾಗವಿಲ್ಲ. ಕ್ಯಾಥೊಲಿಕ್ ಚರ್ಚು 1559ರಲ್ಲಿ ಹೊರಡಿಸಿದ ನಿಷಿದ್ಧ ಗ್ರಂಥಗಳ ಸೂಚಿಯು ಇದರ ಪ್ರಸಿದ್ಧ ಮಾದರಿ. 1966ರಲ್ಲಿ ಅದಕ್ಕೆ ವಿಧಿಬಲವಿಲ್ಲವೆಂದು ಚರ್ಚೇ ಸಾರಿತು. ಅಂತರ್ಜಾಲದ ಕಾಲದಲ್ಲಿ ಸೈಂಟಾಲಜಿ ಪಂಥವು 1998ರಲ್ಲಿ ತನ್ನ ಸದಸ್ಯರಿಗೆ ಹಂಚಿದ ತಂತ್ರಾಂಶದಲ್ಲಿ, ಟೀಕಾಕಾರರ ಹೆಸರುಗಳನ್ನೂ ಕೆಲವು ಪದಗಳನ್ನೂ ಕಣ್ಣಿಗೆ ಬೀಳದಂತೆ ಮಾಡುವ ಸೋಸುವ ವ್ಯವಸ್ಥೆಯಿತ್ತು. ಕನ್ನಡದಲ್ಲೂ ಸಾಹಿತ್ಯ ಪ್ರಕಟಿಸುವ ಯೆಹೋವನ ಸಾಕ್ಷಿಗಳು ಧರ್ಮತ್ಯಾಗಿಗಳ ಬರೆಹಗಳಿಂದ ದೂರವಿರುವಂತೆ ತಮ್ಮವರಿಗೆ ಬೋಧಿಸುತ್ತಾರೆ. 2012ರ ಮೇ 20ರಂದು ನ್ಯೂಯಾರ್ಕಿನ ಕ್ರೀಡಾಂಗಣವೊಂದರಲ್ಲಿ ಸಂಪ್ರದಾಯನಿಷ್ಠ ಯಹೂದಿ ಪುರುಷರು ಸಾವಿರಾರು ಸಂಖ್ಯೆಯಲ್ಲಿ ಅಂತರ್ಜಾಲದ ಅಪಾಯದ ಬಗ್ಗೆಯೇ ಸೇರಿದ್ದರು. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಮಾರ್ಮನ್ ಚರ್ಚು, ತನ್ನ ಸ್ಥಾಪಕನ ಬಹುಪತ್ನಿತ್ವವೂ ಸೇರಿದಂತೆ ಟೀಕಾಕಾರರು ಎತ್ತುತ್ತಿದ್ದ ವಿಷಯಗಳ ಮೇಲೆ 2013ರಿಂದ ತಾನೇ ಪ್ರಬಂಧಗಳನ್ನು ಪ್ರಕಟಿಸತೊಡಗಿತು. ಹೊರಗಿನವರಿಂದ ಕೇಳುವ ಮೊದಲು ಮನೆಯಲ್ಲೇ ಕೇಳಲಿ ಎಂಬ ಈ ನಿಲುವು ಪೂರ್ವಪಕ್ಷದ ರೂಢಿಗೆ ಹತ್ತಿರವಾದುದು.

ಮಲೆನಾಡಿನಲ್ಲಿ ಕಿವಿಯ ಮೇಲಿನ ತಡೆಗೆ ತಂತ್ರಾಂಶದ ಅಗತ್ಯವಿಲ್ಲ, ಬಹಿಷ್ಕಾರದ ನೆನಪೇ ಸಾಕು. ಪಂಕ್ತಿಯಿಂದ ಹೊರಗಿಡುವುದು, ಗುರುಗಳ ಮಂತ್ರಾಕ್ಷತೆ ನಿಲ್ಲುವುದು, ಪುರೋಹಿತರು ಮನೆಗೆ ಬಾರದಿರುವುದು ಇದರ ಬಾಹ್ಯ ರೂಪಗಳು. ಮನೆಯೊಂದು ಇನ್ನೊಂದರಿಂದ ದೂರವಿರುವ, ದಾರಿ, ನೀರು, ತೋಟದ ಸೊಪ್ಪಿನಬೆಟ್ಟಗಳಿಗಾಗಿ ಒಬ್ಬರಿಗೊಬ್ಬರು ಹೊಂದಿಕೊಂಡೇ ಬಾಳಬೇಕಾದ, ಅಡಿಕೆ ಕೊಯ್ಯುವ ಕೊನೆಗೌಡನಿಂದ ಹಿಡಿದು ಮದುವೆಯ ಅಡಿಗೆಯವರೆಗೆ ನೆರೆಯವರ ಕೈಯೇ ಆಸರೆಯಾದ ಸೀಮೆಯಲ್ಲಿ ಬಹಿಷ್ಕಾರವು ಜೀವನೋಪಾಯವನ್ನೇ ಮುಟ್ಟುತ್ತದೆ. ಸಾವು ಸಂಭವಿಸಿದ ಮನೆಯಲ್ಲಿ ಅಪರಕ್ರಿಯೆಗೆ ಯಾರು ಬರುವರೆಂಬ ಅಂಜಿಕೆ ಒಂದೇ ಸಾಕು, ಒಂದು ಇಡೀ ಕುಟುಂಬವನ್ನು ಮೌನವಾಗಿರಿಸಲು. ಇಂದು ಸಮುದಾಯದ ವಾಟ್ಸಾಪ್ ಗುಂಪಿನಿಂದ ಒಬ್ಬನನ್ನು ತೆಗೆದುಹಾಕುವುದು ಹೊರನೋಟಕ್ಕೆ ಕ್ಷುಲ್ಲಕವಾದರೂ, ಪೂಜೆ, ಸಭೆ, ಸಾವುನೋವುಗಳ ಸುದ್ದಿಯೆಲ್ಲ ಆ ಗುಂಪಿನಲ್ಲೇ ಹರಿಯುವಲ್ಲಿ ಅದು ಹಳೆಯ ಪಂಕ್ತಿಭೇದದ ಹೊಸ ಅವತಾರವಾಗಬಹುದು.

ಈ ಸೀಮೆಗೆ ಬಹಿಷ್ಕಾರದ ಕಾನೂನು ಇತಿಹಾಸವೂ ಇದೆ. 1862ರಿಂದ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ, ಬಹಿಷ್ಕಾರವನ್ನು ನಿಷೇಧಿಸಿದ 1949ರ ಮುಂಬಯಿ ಅಧಿನಿಯಮವು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೂ ಅನ್ವಯಿಸಿತು. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1962ರಲ್ಲಿ, ಧಾರ್ಮಿಕ ಪಂಗಡವು ತನ್ನ ಧರ್ಮದ ವಿಷಯಗಳನ್ನು ತಾನೇ ನಿರ್ವಹಿಸುವ 26ನೆಯ ವಿಧಿಯ ಹಕ್ಕಿನ ಆಧಾರದಿಂದ, ಆ ಅಧಿನಿಯಮವನ್ನು ಅಸಿಂಧುಗೊಳಿಸಿತು. ಭಿನ್ನ ತೀರ್ಪು ನೀಡಿದ ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಅವರು, ಬಹಿಷ್ಕೃತನು ಕಳೆದುಕೊಳ್ಳುವುದು ಪೂಜೆಯ ಸಂಬಂಧವನ್ನಷ್ಟೇ ಅಲ್ಲ, ನಾಗರಿಕನಾಗಿ ಬಾಳುವ ಸಂಬಂಧಗಳನ್ನೂ ಎಂಬುದನ್ನು ಗುರುತಿಸಿದರು. ಪ್ರಶ್ನೆಯು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಪರಿಶೀಲನೆಗೆ ಒಪ್ಪಿಸಲ್ಪಟ್ಟಿತು. ಸಂವಿಧಾನದ 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯದಲ್ಲಿ ಮಾಹಿತಿ ಪಡೆಯುವ ಹಕ್ಕೂ ಅಡಗಿದೆಯೆಂದು ನ್ಯಾಯಾಲಯಗಳು ಒಪ್ಪಿದ್ದರೂ, ಆ ಹಕ್ಕು ಮುಖ್ಯವಾಗಿ ಪ್ರಭುತ್ವದ ಎದುರಿಗೆ ನಿಲ್ಲುವಂಥದು. ಮಠದ, ಜಮಾತಿನ, ಚರ್ಚಿನ ಒಳಗಣ ಬಿಗಿಯನ್ನು ಸಡಿಲಿಸುವ ಹೊಣೆಯಲ್ಲಿ ಬಹುಪಾಲು ಆ ಸಂಸ್ಥೆಗಳ ವಿವೇಕಕ್ಕೇ ಉಳಿದಿದೆ.

ಸಂಸ್ಥೆಗಳ ಕಡೆಯ ಮಾತನ್ನೂ ಅದರ ಬಲದೊಡನೆ ಮಂಡಿಸುವುದು ಈ ವಿಚಾರಕ್ಕೇ ಸಲ್ಲಬೇಕಾದ ನ್ಯಾಯ. ನ್ಯಾಯದರ್ಶನವು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ಸತ್ಯವನ್ನು ತಿಳಿಯಲು ನಡೆಸುವುದು ವಾದ, ಹೇಗಾದರೂ ಗೆಲ್ಲಲು ನಡೆಸುವುದು ಜಲ್ಪ, ತನ್ನದೊಂದು ಪಕ್ಷವನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ಅಂತರ್ಜಾಲದಲ್ಲಿ ಟೀಕೆಯ ಹೆಸರಿನಿಂದ ಹರಿದಾಡುವುದರಲ್ಲಿ ವಾದ ಕಡಿಮೆ, ಜಲ್ಪ ವಿತಂಡಗಳೇ ಹೆಚ್ಚು. ಕತ್ತರಿಸಿ ಜೋಡಿಸಿದ ದೃಶ್ಯ, ಹೆಸರಿಲ್ಲದವರ ಆಪಾದನೆ, ಒಂದು ಜಾತಿಯ ಮೇಲೆ ಇನ್ನೊಂದರ ಹಗೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ತಾಳಮದ್ದಳೆಯಲ್ಲಿ ವಾಲಿಯ ಎದುರು ರಾಮನಿರುತ್ತಾನೆ. ಫೋನಿನ ಪರದೆಯ ಮೇಲೆ ವಾಲಿಯೊಬ್ಬನೇ ಮಾತಾಡುತ್ತಿರುತ್ತಾನೆ. ಶ್ರದ್ಧೆಯು ದುಃಖದಲ್ಲಿ ಮನುಷ್ಯನನ್ನು ಹಿಡಿದು ನಿಲ್ಲಿಸುವ ಆಧಾರವೆಂಬುದನ್ನೂ, ಅದನ್ನು ಕೆಣಕುವವನು ಬದಲಿಗೆ ಏನನ್ನೂ ಕೊಡುವ ಹೊಣೆ ಹೊರುವುದಿಲ್ಲವೆಂಬುದನ್ನೂ ಅಲ್ಲಗಳೆಯಲಾಗದು.

ಆದರೆ ಈ ಸಮರ್ಥನೆಯು ಸಾಧಿಸುವುದು ವಿವೇಚನೆಯ ಅಗತ್ಯವನ್ನೇ ಹೊರತು ನಿಷೇಧದ ಅಗತ್ಯವನ್ನಲ್ಲ. ಜಲ್ಪವನ್ನು ವಾದದಿಂದ ಬೇರ್ಪಡಿಸಬಲ್ಲವನು ಎರಡನ್ನೂ ಕೇಳಿದವನೇ. ಸಾಧಕನೊಬ್ಬ ತನ್ನ ಮನಸ್ಸಿನ ನೆಮ್ಮದಿಗಾಗಿ ಕೆಲವನ್ನು ಓದದಿರುವುದು ವ್ರತ. ಅದನ್ನು ಅವನೇ ಹಿಡಿದಿದ್ದಾನೆ, ಅವನೇ ಬಿಡಬಲ್ಲ. ಗುರುವಾದವನು ಇಂಥದು ಸುಳ್ಳು, ಇಂಥ ಕಾರಣದಿಂದ ಸುಳ್ಳು ಎಂದು ತಿಳಿಸುವುದು ಉಪದೇಶ. ಓದಿದ್ದಕ್ಕಾಗಿ ಒಬ್ಬನ ಊಟ, ನೆಂಟಸ್ತಿಕೆ, ತಂದೆತಾಯಿಯರ ಉತ್ತರಕ್ರಿಯೆಗಳನ್ನು ಒತ್ತೆಯಿಡುವುದು ಈ ಎರಡರಲ್ಲಿ ಯಾವುದೂ ಅಲ್ಲ, ಅದು ದಂಡ. ಮತ್ತು ದಂಡದ ಭಯದಿಂದ ಉಳಿದ ಶಿಷ್ಯನು ಸಿದ್ಧಾಂತವನ್ನು ಒಪ್ಪಿದ್ದಾನೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿಯನ್ನು ಗುರುವೇ ಮುಚ್ಚಿಕೊಂಡಂತಾಗುತ್ತದೆ. ಟೀಕೆಯು ತತ್ತ್ವವನ್ನು ಬಿಟ್ಟು ಸಂಸ್ಥೆಯ ಹಣ, ಆಸ್ತಿ, ನಡತೆಗಳ ಕುರಿತಾದಾಗ ಈ ತಡೆ ಇನ್ನಷ್ಟು ಅನರ್ಥಕಾರಿ. ಏಕೆಂದರೆ ಅಲ್ಲಿ ರಕ್ಷಿಸಲ್ಪಡುವುದು ಭಕ್ತನ ಶ್ರದ್ಧೆಯಲ್ಲ, ಲೆಕ್ಕ ಕೇಳಿಸಿಕೊಳ್ಳಬೇಕಾದವರ ನೆಮ್ಮದಿ.

ವಾಲಿಯ ಪಾತ್ರ ಬಲವಾಗಿ, ರಾಮನ ಪಾತ್ರ ಸೋತ ಕೂಟಗಳು ನಡೆದದ್ದುಂಟು. ಅಂಥ ರಾತ್ರಿಗಳ ಮರುದಿನ ಊರವರು ಆಡಿಕೊಳ್ಳುವುದು ವಾಲಿಯನ್ನು ಇನ್ನು ಕರೆಯಬಾರದೆಂದಲ್ಲ, ಮುಂದಿನ ಕೂಟಕ್ಕೆ ರಾಮನ ಅರ್ಥಕ್ಕೆ ತಕ್ಕವರನ್ನು ಹುಡುಕಬೇಕೆಂದು.