ಅನುಮೋದನೆಯ ಪಾಲು

ಕುರಿ ಕಡಿಯುವ ಕಸುಬಿಗೆ ಸರ್ಕಾರದ ದುಡ್ಡು ಹೋದರೆ ಪಾಪ ಯಾರ ಲೆಕ್ಕಕ್ಕೆ ಬರೆಯಬೇಕು? ಬ್ಯಾಂಕಿನಿಂದ ನಿವೃತ್ತನಾಗಿ, ಕಿರು ಆಹಾರ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಯೆಂದು ಊರೂರು ತಿರುಗುವ ನನಗೆ ಈ ಪ್ರಶ್ನೆ ಫೈಲಿನ ರೂಪದಲ್ಲೇ ಬಂತು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ.

ಯೋಜನೆ 2020ರದು. ಕಿರು ಆಹಾರ ಘಟಕಗಳಿಗೆ ಶೇ. 35 ಸಹಾಯಧನ, ಗರಿಷ್ಠ 10 ಲಕ್ಷ; ಕರ್ನಾಟಕ ತನ್ನ ಶೇ. 15 ಸೇರಿಸಿ ಅರ್ಧಕ್ಕರ್ಧ ಮಾಡಿದೆ. ಬೆಲ್ಲ, ಹಪ್ಪಳ, ಎಣ್ಣೆ ಗಾಣದ ಜೊತೆಗೆ ಮಾಂಸಕ್ಕೂ ಅದರಲ್ಲಿ ಜಾಗವಿದೆ. ಬನ್ನೂರು ಕಡೆಯ ಮಾಂಸದಂಗಡಿಯವರೊಬ್ಬರು ಆ ಸೀಮೆಯ ಹೆಸರಾಂತ ಕುರಿಯ ಮಾಂಸವನ್ನು ಕತ್ತರಿಸಿ, ಪ್ಯಾಕು ಮಾಡಿ, ತಣ್ಣಗಿಟ್ಟು ಮೈಸೂರಿಗೆ ಕಳಿಸಬೇಕೆಂದು, ಅದಕ್ಕೆ ಯೋಜನಾ ವರದಿ ಬರೆಸಲು ಬಂದರು. ನನ್ನ ಹೆಸರು ಕೇಳಿಯೇ ಅವರಿಗೆ ಅನುಮಾನ. “ನೀವು ತಿನ್ನೋರಲ್ಲ ಅಂತ ಗೊತ್ತು ಸ್ವಾಮಿ. ಬರ್ಕೊಡೋಕೇನು ದೋಸ?”

ದೋಷವಿದೆ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ತಲೆದೂಗುವುದು, ಮೂರರಿಂದಲೂ ಕರ್ಮ ಅಂಟುತ್ತದೆ ಎನ್ನುತ್ತದೆ ನಮ್ಮ ಧರ್ಮ. ಗೃಹಸ್ಥನಿಗೆ ಉದ್ಯೋಗದ ಹಿಂಸೆಯಲ್ಲಿ ಒಂದಿಷ್ಟು ರಿಯಾಯಿತಿ ಉಂಟು. ಉಳುವವನ ನೇಗಿಲಿಗೆ ಸಿಕ್ಕ ಹುಳುವಿಗೆ ಅದು ಸಲ್ಲುತ್ತದೆ, ಕೊಲ್ಲಲೆಂದೇ ಎತ್ತಿದ ಕತ್ತಿಗೆ ಸಲ್ಲದು. ಮನುವೂ ಮಾಂಸದ ವಿಷಯದಲ್ಲಿ ಕೊಲೆಗಾರರನ್ನು ಪಟ್ಟಿ ಮಾಡುವಾಗ ಮೊದಲು ಹೆಸರಿಸುವುದು ಒಪ್ಪಿಗೆ ಕೊಟ್ಟವನನ್ನು. ಕಡಿದವನು, ಮಾರಿದವನು, ಬೇಯಿಸಿದವನು, ತಿಂದವನು ಆಮೇಲೆ. ನಾವು ಬರೆದುಕೊಟ್ಟ ವರದಿಗೆ ಬ್ಯಾಂಕ್ ಸಾಲ ಮಂಜೂರಾದರೆ ನಮಗೆ ಪ್ರಕರಣಕ್ಕೆ 20,000 ರೂಪಾಯಿ ಗೌರವಧನ. ಅದನ್ನು ಬೇಡವೆಂದು ಕೈ ತೊಳೆಯಬಹುದೇ? ಜನ್ನ ಕವಿಯ ಕಾವ್ಯದಲ್ಲಿ ರಾಜ ಯಶೋಧರ ತಾಯಿಯ ಮಾತಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಒಂದು ಹನಿ ರಕ್ತ ಬೀಳಲಿಲ್ಲ. ಆದರೂ ತಾಯಿಯೊಡನೆ ಜನ್ಮಜನ್ಮಾಂತರ ಪ್ರಾಣಿಯಾಗಿ ತೊಳಲಿದ. ದುಡ್ಡು ಬಿಟ್ಟು ಸಹಿ ಹಾಕುವುದೂ ಹಿಟ್ಟಿನ ಕೋಳಿಯೇ.

ಹಾಗಾದರೆ ಫೈಲು ವಾಪಸು ಕಳಿಸಲೇ? ಅಲ್ಲಿ ಇನ್ನೊಂದು ಲೆಕ್ಕ ಎದ್ದು ನಿಲ್ಲುತ್ತದೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯಕೂಡದು, ಗಬ್ಬದ್ದನ್ನು ಕಡಿಯಕೂಡದು, ಪಶುವೈದ್ಯರು ನೋಡಿರಬೇಕು. ಭಾನುವಾರ ಬೆಳಗ್ಗೆ ರಸ್ತೆ ಬದಿಯ ಮರದ ಕೆಳಗೆ ಕಡಿಯುವಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಕಟ್ಟಿಹಾಕಿದ ಕುರಿಗಳು ತಮ್ಮ ಸರದಿಯನ್ನು ನೋಡುತ್ತ ನಿಂತಿರುತ್ತವೆ. ಪರವಾನಗಿ, ತಪಾಸಣೆ, ಬಿಲ್ಲಿಗೆ ಒಳಪಡುವ ಅಂಗಡಿಯನ್ನಾದರೂ ನಿಯಮಕ್ಕೆ ಎಳೆದು ತರಬಹುದು. ಮರದ ಕೆಳಗಿನದನ್ನು ಕೇಳುವವರಿಲ್ಲ. ಯೋಜನಾ ವರದಿಯಲ್ಲಿ ಮೂಳೆ ಕೊಯ್ಯುವ ಯಂತ್ರ, ಡೀಪ್ ಫ್ರೀಜರ್‌ಗಳ ಬೆಲೆಗಿಂತ ಮೊದಲು ಒಂದು ಸಾಲು ಸೇರಿಸಿದೆ: ಮಾಂಸ ಮಾನ್ಯತೆ ಪಡೆದ ಕಸಾಯಿಖಾನೆಯದೇ ಆಗಿರಬೇಕು, ವೈದ್ಯರ ಮುದ್ರೆ ಇರಬೇಕು. ಅಂಗಡಿಯವರು ಮರುಮಾತಿಲ್ಲದೆ ಒಪ್ಪಿದರು. ನಾನು ಸಹಿ ಹಾಕಿದೆ.

ಇದರಿಂದ ನನ್ನ ಪಾಪ ಕಳೆಯಿತೆಂದು ಹೇಳಲಾರೆ. ಹೆದರದೆ ಸತ್ತ ಕುರಿಯೂ ಸತ್ತ ಕುರಿಯೇ. ನೋವು ತಗ್ಗಿಸಿದ ಜಮೆಯನ್ನು ಕೊಲೆಗೆ ಒಪ್ಪಿದ ಖರ್ಚಿಗೆ ವಜಾ ಹಾಕುವ ಪದ್ಧತಿ ಬ್ಯಾಂಕಿನಲ್ಲಿದೆ, ಕರ್ಮದಲ್ಲಿಲ್ಲ. ಎರಡೂ ನನ್ನ ಹೆಸರಿನಲ್ಲೇ ಇರಲಿ. ಸಹಿ ಹಾಕದಿದ್ದರೆ ನಾನು ಶುದ್ಧನಾಗಿ ಉಳಿಯುತ್ತಿದ್ದೆ, ನಿಜ. ಆ ಶುದ್ಧಿಯ ಬೆಲೆ ತೆರುವುದು ಮರದ ಕೆಳಗಿನ ಕುರಿ. ಅಹಿಂಸೆ ನನ್ನ ಮಡಿಯನ್ನು ಕಾಯಲು ಇರುವುದೋ, ಕುರಿಯನ್ನು ಕಾಯಲೋ? ಕುರಿಯನ್ನು ಎಂದಾದರೆ, ಪೂರ್ತಿ ಕಾಯಲಾಗದ ಕಡೆ ಕಾಯಲಾದಷ್ಟನ್ನು ಕಾಯಬೇಕು, ಕಾಯದೆ ಬಿಟ್ಟದ್ದಕ್ಕೆ ಹೊಣೆ ಹೊರಬೇಕು.