ಸಾರಿನಲ್ಲಿ ಬೆರೆಸಿದ ಮಾತ್ರೆ

ಮನಸ್ಸಿನ ಕಾಯಿಲೆಗೆ ಮಾತ್ರೆ ಕೊಡಬಹುದೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಮುಗಿದಿದೆ. ಕೊಡುತ್ತೇವೆ. ಆದರೆ ಹೇಳದೆ ಕೊಡುತ್ತೇವೆ. ಊರಿನಲ್ಲಿರುವ ಬಂಧುಗಳಿಗೆ ಹೇಳುವುದಿಲ್ಲ. ಎಷ್ಟೋ ವೇಳೆ ರೋಗಿಗೇ ಹೇಳುವುದಿಲ್ಲ. ಈ ಗುಟ್ಟು ನ್ಯಾಯವೇ?

ಈ ಕೆಲಸವನ್ನು ಸ್ವತಃ ಮಾಡಿದವನು ನಾನು. (ಬರೆಯಲು ತಮ್ಮನ ಒಪ್ಪಿಗೆ ಪಡೆದಿದ್ದೇನೆ.) ವಡೋದರಾದಲ್ಲಿ ನಮ್ಮೊಡನಿರುವ ನನ್ನ ತಮ್ಮನಿಗೆ ಒಮ್ಮೊಮ್ಮೆ ಮನಸ್ಸು ಮೇರೆ ಮೀರಿ ಉಬ್ಬುತ್ತಿತ್ತು. ನಿದ್ರೆ ಇಲ್ಲ, ಮಾತು ನಿಲ್ಲದು, ಸಂಬಳವೆಲ್ಲ ಒಂದೇ ದಿನದಲ್ಲಿ ಖಾಲಿ. ಕೆಲವು ತಿಂಗಳು ಕಳೆದರೆ ಅದೇ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಡುವನು. ಮಾತ್ರೆ ಒಲ್ಲೆನೆಂದ. ನಾಲ್ಕು ತಿಂಗಳು ನನ್ನ ಹೆಂಡತಿ ಅದನ್ನು ಸಾರಿನಲ್ಲಿ ಬೆರೆಸಿದಳು. ಪುಡಿ ಮಾಡಿಕೊಟ್ಟವನು ನಾನು. ತಮ್ಮ ಶಾಂತನಾದ. ಆದರೆ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಏಕೋ ತಿಳಿಯದು ಎನ್ನುತ್ತಿದ್ದ. ನಮಗೆ ತಿಳಿದಿತ್ತು. ಬಿಸಿಲಿಗೆ ಹಾಗಾಗುತ್ತದೆ ಎಂದೆವು.

ಕೊನೆಗೆ ಅಳುಕುತ್ತಲೇ ವೈದ್ಯರೆದುರು ಒಪ್ಪಿಕೊಂಡೆ. ಅವನ ಏರಿಳಿತದ ಕಾಯಿಲೆಗೆ ಒಗ್ಗುವುದು ಲಿಥಿಯಂ, ಆದರೆ ಅದನ್ನು ಕದ್ದು ಕೊಡಲಾಗದು ಎಂದರು ಅವರು. ಬಿ.ಎಸ್ಸಿ. ಓದಿದ ನನಗೆ ಲಿಥಿಯಂ ಎಂದರೆ ಕೋಷ್ಟಕದಲ್ಲಿ ಸೋಡಿಯಂನ ಮೇಲಿನ ಮನೆಯಲ್ಲಿ ಕುಳಿತ ಹಗುರ ಲೋಹ, ಅಷ್ಟೇ. ಅದರ ಲವಣದಿಂದ ಉನ್ಮಾದ ಇಳಿಯುತ್ತದೆಂದು 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಪ್ರಕಟಿಸಿದರು. ಆದರೆ ರಕ್ತದಲ್ಲಿ ಪ್ರಮಾಣ ಸ್ವಲ್ಪ ಮೀರಿದರೂ ಅದು ವಿಷ. ಆಗಾಗ ರಕ್ತ ಪರೀಕ್ಷೆ ಆಗಬೇಕು. ಬೆವರಿ ನೀರು, ಉಪ್ಪು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಗಳು ಸೋಡಿಯಂ ಜೊತೆಗೆ ಲಿಥಿಯಮನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಗುಜರಾತಿನ ಬೇಸಿಗೆಯಲ್ಲಿ, ತಾನು ಏನು ನುಂಗುತ್ತಿದ್ದೇನೆಂದು ಅರಿಯದವನು ನಿರ್ಜಲ ಏಕಾದಶಿ ಮಾಡಿದರೆ ಗತಿಯೇನು? ಅವನನ್ನು ಉಳಿಸುತ್ತಿದ್ದೇವೆಂದುಕೊಂಡಿದ್ದ ನಮ್ಮ ಗುಟ್ಟು ಸರಿಯಾದ ಔಷಧಕ್ಕೇ ಅಡ್ಡವಾಗಿತ್ತು.

ಆದರೂ ಎದುರು ವಾದವನ್ನು ನಾನು ಹಗುರವಾಗಿ ತಳ್ಳಲಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದ್ದಂತೆ ಇದೂ ಒಂದು ಎನ್ನುವ ಹೋಲಿಕೆ ಅರ್ಧ ಮಾತ್ರ ನಿಜ. ಸಕ್ಕರೆ ಕಾಯಿಲೆಯವನು ತನಗೆ ರೋಗವಿದೆಯೆಂದು ಮನಸ್ಸಿನಿಂದ ಅರಿಯಬಲ್ಲ. ಇಲ್ಲಿ ಅರಿಯಬೇಕಾದ ಮನಸ್ಸೇ ಕಾಯಿಲೆ ಬಿದ್ದಿದೆ. ರೈಲು ಹಳಿಯತ್ತ ಓಡುವವನ ಒಪ್ಪಿಗೆಗೆ ಯಾರು ಕಾಯುತ್ತಾರೆ? ಅಂಥ ಹೊತ್ತಿನಲ್ಲಿ ಬಲವಂತ ತಪ್ಪಲ್ಲವೆಂದೇ ನನ್ನ ಮತ. ಆದರೆ ಬಲವಂತ ಕಣ್ಣೆದುರು ನಡೆಯುವಂಥದು. ಗುಣವಾದ ಮೇಲೆ ಅವನು ನಮ್ಮನ್ನು ಬಯ್ಯಬಹುದು. ಸಾರಿನ ಮಾತ್ರೆ ಅವನಿಂದ ಬಯ್ಯುವ ಹಕ್ಕನ್ನೂ ಕಸಿದುಕೊಳ್ಳುತ್ತದೆ.

ನಾನೇ ತಮ್ಮನಿಗೆ ಹೇಳಿದೆ. ಅವನು ಕೂಗಾಡಲಿಲ್ಲ. ಆರು ವಾರ ನಮ್ಮ ಮನೆಯ ಅನ್ನ ಮುಟ್ಟಲಿಲ್ಲ, ಅಷ್ಟೇ. ಒಡೆಯದ ಪೊಟ್ಟಣದ ಖಾಖರಾ, ಸುಲಿಯದ ಬಾಳೆಹಣ್ಣು, ಇವೇ ಊಟ.

ಆಗ ಅಮ್ಮ ಯಾರಿಂದಲೋ ಕೇಳಿ, ಮೆಹಸಾಣಾ ಜಿಲ್ಲೆಯ ಉನಾವಾಕ್ಕೆ ಹೋಗೋಣವೆಂದು ಹಟ ಹಿಡಿದಳು. ನಮ್ಮಲ್ಲಿ ಗಾಣಗಾಪುರಕ್ಕೆ ಕರೆದೊಯ್ಯುವಂತೆ ಅಲ್ಲಿನ ಮೀರಾ ದಾತಾರ್ ದರ್ಗಾಕ್ಕೆ ಎಲ್ಲ ಮತದವರೂ ಗಾಳಿ ಸೋಂಕಿತೆನ್ನುವವರನ್ನು ಕರೆತರುತ್ತಾರೆ. ನಾನು ಮುಖ ಸಿಂಡರಿಸಿಕೊಂಡೇ ಹೊರಟೆ. ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾವನ್ನು ನಂಬಿ ಬಂದು ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳಲ್ಲಿ 28 ಮಂದಿ 2001ರ ಆಗಸ್ಟ್ 6ರಂದು ಬೆಂಕಿಗೆ ಆಹುತಿಯಾದುದು ತಲೆಯಲ್ಲಿತ್ತು. ಉನಾವಾದಲ್ಲಿ ಕಂಡದ್ದೇ ಬೇರೆ. ಸರ್ಕಾರದ ನೆರವಿನಿಂದ 2008ರಲ್ಲಿ ಅಲ್ಲಿ 'ದವಾ-ದುವಾ' ಎಂಬ ಕಾರ್ಯಕ್ರಮ ಆರಂಭವಾಗಿತ್ತು. ಹರಕೆ ಹೊತ್ತು ಬಂದವರನ್ನು ಮುಜಾವರರೇ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದರು. ಒಬ್ಬ ವೃದ್ಧ ಮುಜಾವರರು ತಮ್ಮನಿಗೆ, "ದುವಾ ನಾನು ಮಾಡುತ್ತೇನಪ್ಪಾ, ದವಾ ನೀನು ತೆಗೆದುಕೊ" ಎಂದು ಎಲ್ಲರ ಮುಂದೆ ಹೇಳಿದರು. ವಿಜ್ಞಾನ ಓದಿದ ನಾನು ಬಚ್ಚಿಟ್ಟ ಮಾತ್ರೆಯನ್ನು ಅವರು ಹೆಸರು ಹಿಡಿದು ಹೇಳಿದ್ದರು.

ತಮ್ಮ ಈಗ ಲಿಥಿಯಂ ತಾನೇ ತೆಗೆದುಕೊಳ್ಳುತ್ತಾನೆ. ರಕ್ತ ಪರೀಕ್ಷೆಯ ದಿನಾಂಕವನ್ನು ತಾನೇ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾನೆ. ಮುಂದೆ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಸ್ವಸ್ಥನಾಗಿರುವಾಗಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಅವಕಾಶವಿದೆ. ಅವನು ಬರೆದಿದ್ದಾನೆ: ತಾನು ಕೂಗಾಡಿದರೂ ಆಸ್ಪತ್ರೆಗೆ ಸೇರಿಸಬೇಕು, ಊಟದಲ್ಲಿ ಏನನ್ನೂ ಬೆರೆಸಕೂಡದು. ತೀರ್ಮಾನಿಸುವವರ ಹೆಸರು ನನ್ನದಲ್ಲ, ಅವನ ಗೆಳೆಯನದು. ಅದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ.

ಊಟಕ್ಕೆ ಈಗ ನಮ್ಮೊಡನೆ ಕೂರುತ್ತಾನೆ. ಸಾರು ಬಡಿಸುವಾಗ ನನ್ನ ಹೆಂಡತಿ ಮೊದಲ ಸೌಟನ್ನು ತನ್ನ ತಟ್ಟೆಗೇ ಹಾಕಿಕೊಳ್ಳುತ್ತಾಳೆ.